ಗೂಢಲಿಪಿಯಂತ್ರದಿಂದ ಸೋರುವ ಗುಟ್ಟು

ಅಡುಗೆಮನೆಯ ಬಾಗಿಲನ್ನು ಎಷ್ಟು ಭದ್ರವಾಗಿ ಮುಚ್ಚಿದರೂ ಒಗ್ಗರಣೆಯ ವಾಸನೆ ನಡುಮನೆಗೆ ಬಾರದಿರದು. ಒಳಗೆ ಏನು ಬೇಯುತ್ತಿದೆಯೆಂಬುದನ್ನು ನಾವು ನೋಡದೆಯೇ ಊಹಿಸಬಲ್ಲೆವು. ಗೂಢಲಿಪಿಯನ್ನು ರಚಿಸುವ ಯಂತ್ರಗಳಿಗೂ ಇದೇ ತೊಡಕುಂಟು. ಲಿಪಿಯ ಗಣಿತವು ಎಷ್ಟೇ ಕಠಿನವಾಗಿರಲಿ, ಅದನ್ನು ನಡೆಸುವ ಯಂತ್ರವು ವಿದ್ಯುತ್ತನ್ನು ಸೆಳೆಯುವುದು, ಕಾಲವನ್ನು ತೆಗೆದುಕೊಳ್ಳುವುದು, ವಿದ್ಯುತ್ಕಾಂತ ತರಂಗಗಳನ್ನು ಹೊರಸೂಸುವುದು. ಇವುಗಳ ಮೂಲಕ ಗುಟ್ಟು ಹೊರಬೀಳುವ ಬಗೆಯನ್ನೂ ಅದನ್ನು ತಡೆಯುವ ಉಪಾಯಗಳನ್ನೂ ನೋಡೋಣ.

1943ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದ ಬೆಲ್ ಪ್ರಯೋಗಶಾಲೆಯ ಎಂಜಿನಿಯರೊಬ್ಬರು ಸೈನ್ಯದ ಗೂಢಲಿಪಿಯಂತ್ರವನ್ನು ಪರೀಕ್ಷಿಸುತ್ತಿದ್ದರು. ಯಂತ್ರವು ಒಂದೊಂದು ಹೆಜ್ಜೆ ಸರಿದಾಗಲೂ ದೂರದಲ್ಲಿದ್ದ ಆಸಿಲೋಸ್ಕೋಪಿನ ತೆರೆಯ ಮೇಲೆ ಮೊನಚಾದ ಗೆರೆಯೊಂದು ಮೂಡಿತು. ಆ ಗೆರೆಗಳಿಂದಲೇ ಮೂಲ ಸಂದೇಶವನ್ನು ಓದಬಹುದೆಂದು ತಿಳಿದುಬಂದಿತು. ಸೈನ್ಯಾಧಿಕಾರಿಗಳು ಇದನ್ನು ಸುಲಭವಾಗಿ ನಂಬಲಿಲ್ಲ. ಆಗ ಎಂಜಿನಿಯರುಗಳು ನ್ಯೂಯಾರ್ಕಿನ ಸೈನಿಕ ಗೂಢಲಿಪಿ ಕೇಂದ್ರದಿಂದ ಸುಮಾರು 80 ಅಡಿ ದೂರದ ಎದುರು ಕಟ್ಟಡದಲ್ಲಿ ಕುಳಿತು, ಒಂದು ಗಂಟೆಯ ಕಾಲ ಸಂಕೇತಗಳನ್ನು ದಾಖಲಿಸಿದರು. ಮೂರು ನಾಲ್ಕು ಗಂಟೆಗಳಲ್ಲಿ ಸಂದೇಶಗಳ ಮುಕ್ಕಾಲು ಭಾಗವನ್ನು ಬಿಡಿಸಿ ಮುಂದಿಟ್ಟರು! ಯಂತ್ರಕ್ಕೆ ಲೋಹದ ಕವಚ, ತಂತಿಗಳಿಗೆ ಶೋಧಕ, ಸಂಕೇತವನ್ನು ಮುಚ್ಚುವ ಕೃತಕ ಗದ್ದಲ—ಇವೇ ಅವರು ಸೂಚಿಸಿದ ಪರಿಹಾರಗಳು.

ಇಂದು ಅಂತಹ ಯಂತ್ರವು ಬ್ಯಾಂಕಿನ ಕಾರ್ಡಿನ ಪುಟ್ಟ ಚಿಪ್ ಆಗಿ ನಮ್ಮ ಜೇಬಿನಲ್ಲಿಯೇ ಇದೆ. ಕಾರ್ಡು ಕಳ್ಳನ ಕೈಸೇರಿದರೆ ಚಿಪ್‌ಗೆ ವಿದ್ಯುತ್ತನ್ನು ಒದಗಿಸುವವನೂ ಅವನೇ, ಪ್ರವಾಹವನ್ನು ಅಳೆಯುವವನೂ ಅವನೇ. ಲೆಕ್ಕಕ್ಕೆ ತಗಲುವ ಕಾಲದಿಂದ ಗುಪ್ತಸಂಖ್ಯೆಯನ್ನು ತಿಳಿಯಬಹುದೆಂದು ಪಾಲ್ ಕೋಕರ್ 1996ರಲ್ಲಿ ತೋರಿಸಿದರು. ವಿದ್ಯುತ್ತಿನ ಬಳಕೆಯಿಂದಲೂ ಇದು ಸಾಧ್ಯವೆಂದು 1999ರಲ್ಲಿ ಇಬ್ಬರು ಸಂಗಡಿಗರೊಡನೆ ಪ್ರಕಟಿಸಿದರು.

ಒಂದು ಉದಾಹರಣೆ. ಗುಪ್ತಸಂಖ್ಯೆ 11 ಆಗಿರಲಿ. ದ್ವಿಮಾನ ಪದ್ಧತಿಯಲ್ಲಿ ಅದು 1011. 'ಕ' ಎಂಬ ಸಂಖ್ಯೆಯ 11ನೆಯ ಘಾತವನ್ನು ಚಿಪ್ ಕಂಡುಹಿಡಿಯಬೇಕು. ಮೊದಲ 1ಕ್ಕೆ 'ಕ'ವನ್ನೇ ಇಟ್ಟುಕೊಂಡು, ಮುಂದಿನ ಪ್ರತಿಯೊಂದು ಅಂಕಕ್ಕೂ ವರ್ಗಮಾಡುವುದು. ಅಂಕವು 1 ಆಗಿದ್ದರೆ ಮತ್ತೆ 'ಕ'ದಿಂದ ಗುಣಿಸುವುದು. ಘಾತವು 1, 2, 5, 11 ಎಂದು ಏರುವುದು. ಪ್ರವಾಹದ ನಕ್ಷೆಯಲ್ಲಿ 'ವರ್ಗ, ವರ್ಗ, ಗುಣಾಕಾರ, ವರ್ಗ, ಗುಣಾಕಾರ' ಎಂಬ ಕ್ರಮವು ಗುರುತು ಸಿಕ್ಕರೆ ಸಾಕು, 0, 1, 1 ಎಂದು ಯಾರಾದರೂ ಓದಿಯಾರು!

ಇದಕ್ಕೆ ಪರಿಹಾರವೇನು? ಅಂಕವು 0 ಆಗಿದ್ದರೂ ಗುಣಿಸಿ, ಬಂದ ಫಲವನ್ನು ಕೈಬಿಡುವುದು. ಆಗ ಎಲ್ಲ ಅಂಕಗಳಿಗೂ ಕೆಲಸದ ಕ್ರಮ ಒಂದೇ ಆಗುವುದು.

ಆದರೂ ಸೂಕ್ಷ್ಮ ವ್ಯತ್ಯಾಸಗಳು ಉಳಿಯುವುವು. ನಾವು ಪ್ರಯೋಗಶಾಲೆಯಲ್ಲಿ ಮಾಡುವಂತೆ ಕಳ್ಳನೂ ಸರಾಸರಿ ತೆಗೆಯಬಲ್ಲನು: 10,000 ಅಳತೆಗಳ ಸರಾಸರಿಯಲ್ಲಿ ಗದ್ದಲವು ನೂರನೆಯ ಒಂದು ಪಾಲಿಗೆ ಇಳಿಯುವುದು. ಆದುದರಿಂದ ಚಿಪ್ ಪ್ರತಿಸಲವೂ ನಾಣ್ಯವನ್ನು ಚಿಮ್ಮಿದಂತೆ 0 ಅಥವಾ 1ನ್ನು ಆರಿಸಿಕೊಳ್ಳುವುದು. 1 ಬಂದರೆ ಗುಪ್ತ ಅಂಕವನ್ನು ತಿರುವುಮಾಡಿ, 0 ಬಂದರೆ ಹಾಗೆಯೇ ಇಟ್ಟು ಲೆಕ್ಕ ನಡೆಸಿ, ಕೊನೆಯಲ್ಲಿ ಅದರ ಪರಿಣಾಮವನ್ನು ನಿವಾರಿಸುವುದು. ಗುಪ್ತ ಅಂಕ ಯಾವುದೇ ಇರಲಿ, ಒಳಗೆ ಹರಿಯುವ ಅಂಕವು ಅರ್ಧದಷ್ಟು ಸಲ 1 ಆಗಿರುವುದರಿಂದ ಸರಾಸರಿಯು ಏನನ್ನೂ ಹೇಳದು.

ಈ ಮುಸುಕನ್ನೂ ಭೇದಿಸಲು ಯತ್ನಿಸಬಹುದು. ಆದರೆ ಅದಕ್ಕೆ ಬೇಕಾಗುವ ಅಳತೆಗಳು ಬಹಳ ಹೆಚ್ಚುವುವು. ಕಳ್ಳನ ಶ್ರಮವನ್ನು ಲಾಭಕ್ಕಿಂತ ದೊಡ್ಡದಾಗಿಸುವುದೇ ರಕ್ಷಣೆಯ ಗುರಿ. ಗಣಿತವು ಕಟ್ಟಿದ ಕೋಟೆಗೆ ಭೌತವಿಜ್ಞಾನವೂ ಕಾವಲಿರಬೇಕು.