ಡಾಂಬರಿನ ಚುಕ್ಕೆ ತೆಗೆಯೋಣ, ಬಣ್ಣವನ್ನೂ ಕೈಯನ್ನೂ ಕಾಯೋಣ



ನಮ್ಮಲ್ಲಿ ಹಲವರು ಪೇಟೆಯಲ್ಲಿ ಮನೆಗೆಲಸಕ್ಕೆ ಹೋಗುತ್ತೇವೆ. ಪಾತ್ರೆ, ಬಟ್ಟೆ, ನೆಲದ ಜೊತೆಗೆ ಈಗ ಕಾರು ತೊಳೆಯುವ ಕೆಲಸವೂ ಬಂದಿದೆ. ಕೆಲವರ ಮನೆಯಲ್ಲಿ ಬಾಡಿಗೆಗೆ ಓಡಿಸುವ ಗಾಡಿಯೇ ಇದೆ. ಆ ಗಾಡಿ ಓಡಿದರೆ ಒಲೆ ಉರಿಯುತ್ತದೆ.

ಗಾಡಿಯ ಮೇಲೆ ಸಣ್ಣ ಕಪ್ಪು ಚುಕ್ಕೆಗಳನ್ನು ನೀವು ನೋಡಿರಬಹುದು. ಚಕ್ರದ ಹಿಂದೆ, ಬಾಗಿಲಿನ ಕೆಳಭಾಗದಲ್ಲಿ ಅವು ಹೆಚ್ಚು. ನೀರು ಹಾಕಿದರೆ ಹೋಗಲ್ಲ. ಸೋಪು ಹಾಕಿದರೂ ಹೋಗಲ್ಲ. ಅದು ರಸ್ತೆಯ ಡಾಂಬರು. ಕೆಲವರು ಟಾರು ಅಂತಾರೆ.

ಅದನ್ನು ಬ್ಲೇಡಿನಿಂದ ಕೆರೆದರೆ ಬಣ್ಣ ಹಾಳು. ಪೆಟ್ರೋಲಿನಿಂದ ಒರೆಸಿದರೆ ನಮ್ಮ ಜೀವಕ್ಕೇ ಅಪಾಯ. ಹಾಗಾದರೆ ತೆಗೆಯುವುದು ಹೇಗೆ? ಬನ್ನಿ, ಓದಿ ತಿಳಿಯೋಣ.

ಡಾಂಬರು ಎಲ್ಲಿಂದ ಬರುತ್ತದೆ?

ನೆಲದ ಆಳದಿಂದ ಕಚ್ಚಾ ಎಣ್ಣೆ ತೆಗೆಯುತ್ತಾರೆ. ಅದನ್ನು ಕಾರ್ಖಾನೆಯಲ್ಲಿ ಕಾಯಿಸಿ ಬೇರೆ ಬೇರೆ ಮಾಡುತ್ತಾರೆ. ಪೆಟ್ರೋಲು, ಡೀಸೆಲ್, ಸೀಮೆಎಣ್ಣೆ ಎಲ್ಲ ಅದರಿಂದಲೇ ಬರುತ್ತವೆ. ಕೊನೆಗೆ ಉಳಿಯುವ ಗಟ್ಟಿ ಕಪ್ಪು ಪದಾರ್ಥವೇ ರಸ್ತೆಗೆ ಹಾಕುವ ಡಾಂಬರು. ನಮ್ಮ ಮಂಗಳೂರಿನ ತೈಲ ಕಾರ್ಖಾನೆಯಲ್ಲೂ ಅದನ್ನು ತಯಾರಿಸುತ್ತಾರೆ.

ಜಲ್ಲಿಯ ಜೊತೆ ಕಲಸುವಾಗ ಡಾಂಬರನ್ನು ಸುಮಾರು 150 ಡಿಗ್ರಿವರೆಗೆ ಕಾಯಿಸುತ್ತಾರೆ. ನೀರು ಕುದಿಯುವುದು 100 ಡಿಗ್ರಿಗೆ. ಅಂದರೆ ಕುದಿಯುವ ನೀರಿಗಿಂತ ಅದು ಎಷ್ಟೋ ಬಿಸಿ. ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ. ಬೇಸಿಗೆಯ ಬಿಸಿಲಿಗೆ ಮತ್ತೆ ಮೆತ್ತಗಾಗುತ್ತದೆ. ಆಗ ಚಕ್ರಕ್ಕೆ ಅಂಟಿ, ಸಿಡಿದು, ಗಾಡಿಯ ಮೈಗೆ ಹತ್ತಿಕೊಳ್ಳುತ್ತದೆ. ಹೊಸ ರಸ್ತೆಯಲ್ಲಿ ಹೋದರಂತೂ ಕೇಳುವುದೇ ಬೇಡ.

ಹಲಸಿನ ಹಣ್ಣು ಕಲಿಸಿದ ಪಾಠ

ಹಲಸಿನ ಹಣ್ಣು ಬಿಡಿಸುವ ಮುಂಚೆ ನಾವು ಏನು ಮಾಡುತ್ತೇವೆ? ಕೈಗೆ, ಕತ್ತಿಗೆ ಕೊಬ್ಬರಿ ಎಣ್ಣೆ ಸವರುತ್ತೇವೆ. ಯಾಕೆ? ಅದರ ಅಂಟು ನೀರಿಗೆ ಬಗ್ಗಲ್ಲ, ಎಣ್ಣೆಗೆ ಬಗ್ಗುತ್ತದೆ.

ಡಾಂಬರಿನದೂ ಇದೇ ಗುಣ. ಅದು ಎಣ್ಣೆಯಿಂದ ಹುಟ್ಟಿದ ವಸ್ತು. ನೀರಿನಲ್ಲಿ ಕರಗುವುದಿಲ್ಲ. ಎಣ್ಣೆ ತಾಗಿದರೆ ನಿಧಾನವಾಗಿ ಮೆತ್ತಗಾಗಿ ಸಡಿಲವಾಗುತ್ತದೆ. ಈ ಕೆಲಸದಲ್ಲಿ ಎಣ್ಣೆ ಬೇಕು, ತಾಳ್ಮೆ ಬೇಕು. ಬಲ ಬೇಡ.

ಗಾಡಿಯ ಬಣ್ಣ ಎಷ್ಟು ದಪ್ಪ?

ಕಾರಿನ ತಗಡಿನ ಮೇಲೆ ಬಣ್ಣ ಪದರ ಪದರವಾಗಿ ಇರುತ್ತದೆ. ಮೊದಲು ತುಕ್ಕು ಹಿಡಿಯದಂತೆ ಕಾಯುವ ಪದರ. ಅದರ ಮೇಲೆ ಬಣ್ಣ. ಎಲ್ಲಕ್ಕಿಂತ ಮೇಲೆ ಗಾಜಿನಂತೆ ಹೊಳೆಯುವ ತೆಳು ಪದರ. ಆ ಹೊಳಪಿನ ಪದರ ನಮ್ಮ ತಲೆಕೂದಲಿನ ದಪ್ಪಕ್ಕಿಂತ ಹೆಚ್ಚಿಲ್ಲ.

ತೆಂಗಿನ ನಾರು, ಕಬ್ಬಿಣದ ಜುಂಗು, ಪಾತ್ರೆ ತೊಳೆಯುವ ಪುಡಿ, ಚಾಕು, ಬ್ಲೇಡು ಇವೆಲ್ಲ ಆ ಪದರವನ್ನು ಗೀರುತ್ತವೆ. ಬಿದ್ದ ಗೀರು ತೊಳೆದರೆ ಹೋಗಲ್ಲ. ಅದನ್ನು ಸರಿ ಮಾಡಿಸಲು ಖರ್ಚು ಬಹಳ. ಆಮೇಲೆ ಮಾತು ಯಾರ ಮೇಲೆ ಬರುತ್ತದೆ? ಕೆಲಸ ಮಾಡಿದವಳ ಮೇಲೆ. ಕೆಲವೊಮ್ಮೆ ಸಂಬಳಕ್ಕೂ ಕತ್ತರಿ ಬೀಳಬಹುದು.

ಅದಕ್ಕೇ ಕೆಲಸಕ್ಕೆ ಮುಂಚೆ ಗಾಡಿಯ ಸುತ್ತ ಒಮ್ಮೆ ನೋಡಿ. ಹಳೆಯ ಗೀರು ಕಂಡರೆ ಮನೆಯವರನ್ನು ಕರೆದು ತೋರಿಸಿ. "ಅಮ್ಮಾ, ಈ ಗೀರು ಮೊದಲೇ ಇದೆ, ನೋಡಿಕೊಳ್ಳಿ" ಎಂದು ಹೇಳಿ. ಹೇಳುವುದರಲ್ಲಿ ತಪ್ಪೇನೂ ಇಲ್ಲ.

ಬೇಕಾಗುವ ಸಾಮಾನು

ಎರಡು ಬಕೆಟ್ ನೀರು. ಗಾಡಿ ತೊಳೆಯುವ ಸೋಪಿನ ದ್ರವ. ಕೊಬ್ಬರಿ ಎಣ್ಣೆ ಅಥವಾ ಅಡುಗೆ ಎಣ್ಣೆ ಸ್ವಲ್ಪ. ಮೆತ್ತನೆಯ ಹತ್ತಿ ಬಟ್ಟೆ ನಾಲ್ಕೈದು ತುಂಡು. ಹಳೆಯ ಬನಿಯನ್ ಆದೀತು. ಗುಂಡಿ, ಜರಿ, ದಪ್ಪ ಹೊಲಿಗೆ ಇರುವ ಬಟ್ಟೆ ಬೇಡ. ಕೈಗೆ ರಬ್ಬರಿನ ಕೈಗವಸು. ಕೈಗವಸು ಕೇಳಲು ನಾಚಿಕೆ ಬೇಡ. ಕೈ ನಮ್ಮದು.

ಮಾಡುವ ಕ್ರಮ

1. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿರಲಿ. ತಗಡನ್ನು ಮುಟ್ಟಿ ನೋಡಿ. ಬಿಸಿ ಇದ್ದರೆ ತಣ್ಣಗಾಗುವವರೆಗೆ ಕಾಯಿರಿ.

2. ಮೊದಲು ಬರೀ ನೀರು ಸುರಿದು ಧೂಳು, ಮರಳು ಇಳಿಸಿ. ಆಮೇಲೆ ಸೋಪಿನ ನೀರಿನಿಂದ ತೊಳೆಯಿರಿ. ಒಂದು ಬಕೆಟ್ ಸೋಪಿನ ನೀರಿಗೆ, ಇನ್ನೊಂದು ಬಟ್ಟೆ ಜಾಲಾಡಿಸಲು. ಮರಳಿನ ಒಂದು ಕಣ ಬಟ್ಟೆಯಲ್ಲಿ ಸಿಕ್ಕಿಕೊಂಡರೂ ಸಾಕು, ಗೀರು ಬೀಳುತ್ತದೆ.

3. ಗಾಡಿಯನ್ನು ಒರೆಸಿ ಒಣಗಿಸಿ.

4. ಬಟ್ಟೆಯ ತುಂಡನ್ನು ಎಣ್ಣೆಯಲ್ಲಿ ನೆನೆಸಿ ಚುಕ್ಕೆಯ ಮೇಲೆ ಇಡಿ. ಹತ್ತು ನಿಮಿಷ ಬಿಡಿ. ಆ ಹೊತ್ತಿಗೆ ಬೇರೆ ಕೆಲಸ ನೋಡಿಕೊಳ್ಳಿ.

5. ಬಟ್ಟೆ ತೆಗೆದು ಮೆಲ್ಲಗೆ ಒರೆಸಿ. ಒತ್ತಿ ಉಜ್ಜಬೇಡಿ. ಬಟ್ಟೆಗೆ ಕಪ್ಪು ಹತ್ತಿದ ಕೂಡಲೇ ಮಡಿಕೆ ಬದಲಿಸಿ. ಇಲ್ಲದಿದ್ದರೆ ತೆಗೆದ ಡಾಂಬರನ್ನೇ ಮತ್ತೆ ಬಳಿದಂತಾಗುತ್ತದೆ.

6. ಹಳೆಯ ಚುಕ್ಕೆ ಒಂದೇ ಸಲಕ್ಕೆ ಹೋಗಲ್ಲ. ಎರಡು ಮೂರು ಸಲ ಎಣ್ಣೆ ಇಡಿ.

7. ಕೊನೆಗೆ ಸೋಪಿನ ನೀರಿನಿಂದ ಎಣ್ಣೆಯನ್ನು ಪೂರ್ತಿ ತೊಳೆಯಿರಿ. ಎಣ್ಣೆ ಉಳಿದರೆ ಧೂಳು ಕೂರುತ್ತದೆ. ತೊಳೆದು ಒಣಗಿಸಿದ ಮೇಲೆ ಮನೆಯವರು ಗಾಡಿಯ ಮೇಣ ಕೊಟ್ಟರೆ ಹಚ್ಚಿ. ಮುಂದಿನ ಸಲ ಡಾಂಬರು ಅಷ್ಟು ಬಿಗಿಯಾಗಿ ಹಿಡಿಯಲ್ಲ.

ಚುಕ್ಕೆ ಕಂಡ ಕೂಡಲೇ ತೆಗೆಯುವುದು ಒಳ್ಳೆಯದು. ತಿಂಗಳುಗಟ್ಟಲೆ ಬಿಟ್ಟರೆ ಗಟ್ಟಿಯಾಗುತ್ತದೆ. ಬಣ್ಣದ ಮೇಲೆ ಕಲೆ ಉಳಿಯಲೂಬಹುದು.

ಅಂಗಡಿಯ ದ್ರವ ತಂದರೆ

ಡಾಂಬರು ತೆಗೆಯುವ ದ್ರವ ಗಾಡಿ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಎಣ್ಣೆಗಿಂತ ಬೇಗ ಕೆಲಸ ಮಾಡುತ್ತದೆ. ಆದರೆ ಅದರಲ್ಲಿ ಬೇಗ ಬೆಂಕಿ ಹಿಡಿಯುವ ಪದಾರ್ಥ ಇರಬಹುದು. ಇಲ್ಲಿ ನಮ್ಮ ಓದು ಕೆಲಸಕ್ಕೆ ಬರುತ್ತದೆ.

ಬಾಟಲಿಯ ಮೇಲಿನ ಚೀಟಿ ಓದಿ. ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಮನೆಯವರನ್ನೋ ಶಾಲೆಗೆ ಹೋಗುವ ಮಕ್ಕಳನ್ನೋ ಕೇಳಿ ಓದಿಸಿಕೊಳ್ಳಿ. ಬೆಂಕಿಯ ಚಿತ್ರ ಇದೆಯೇ ನೋಡಿ. ಇದ್ದರೆ ಒಲೆ, ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು. ಎಷ್ಟು ಹೊತ್ತು ಬಿಡಬೇಕು ಅಂತ ಬರೆದಿರುತ್ತಾರೆ. ಅದಕ್ಕಿಂತ ಹೆಚ್ಚು ಬಿಡಬೇಡಿ. ಮೊದಲು ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ತೊಟ್ಟು ಹಚ್ಚಿ ನೋಡಿ. ಬಟ್ಟೆಗೆ ಗಾಡಿಯ ಬಣ್ಣವೇ ಬಂದರೆ ಅಲ್ಲಿಗೇ ನಿಲ್ಲಿಸಿ. ಹೊಸದಾಗಿ ಬಣ್ಣ ಹೊಡೆಸಿದ ಗಾಡಿಗೆ, ಬಣ್ಣ ಹೊಡೆದವರನ್ನು ಕೇಳದೆ ಹಚ್ಚಬೇಡಿ. ದೀಪದ ಗಾಜಿಗೆ, ಪ್ಲಾಸ್ಟಿಕ್ಕಿಗೆ, ರಬ್ಬರಿಗೆ ತಾಗಿಸಬೇಡಿ.

ಪೆಟ್ರೋಲು ಬೇಡವೇ ಬೇಡ

"ಪೆಟ್ರೋಲು ಹಾಕಿದ್ರೆ ಒಂದೇ ಏಟಿಗೆ ಹೋಗ್ತದೆ ಕಣೇ" ಅನ್ನುವವರಿದ್ದಾರೆ. ಡಾಂಬರು ಹೋಗುವುದು ನಿಜ. ಆದರೆ ಅದರ ಅಪಾಯವೂ ನಿಜ.

ಪೆಟ್ರೋಲು ತಾನಾಗಿಯೇ ಆವಿಯಾಗುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೆ ಹೋಗದೆ ನೆಲದ ಮೇಲೆ ಹರಿಯುತ್ತದೆ. ದೂರದ ಒಲೆಗೋ ದೀಪಕ್ಕೋ ತಾಗಿದರೆ ಬೆಂಕಿ ಓಡಿ ಬರುತ್ತದೆ. ಸೀರೆಯ ಸೆರಗಿಗೆ ಹತ್ತಲು ಒಂದು ಕ್ಷಣ ಸಾಕು. ಅದರ ಆವಿ ಉಸಿರಿಗೂ ಕೆಟ್ಟದ್ದು. ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಇವೂ ಬೇಡ. ಇವು ಬೆಂಕಿ ಹಿಡಿಯುತ್ತವೆ, ಗಾಡಿಯ ಬಣ್ಣವನ್ನೂ ತಿನ್ನುತ್ತವೆ.

"ಹಾಗಾದ್ರೆ ಸೀಮೆಎಣ್ಣೆ?" ಅದು ಪೆಟ್ರೋಲಿನಷ್ಟು ಬೇಗ ಹೊತ್ತಿಕೊಳ್ಳಲ್ಲ. ಆದರೂ ಹೊತ್ತಿಕೊಳ್ಳುತ್ತದೆ. ಕೈಯ ಚರ್ಮ ಒಣಗಿ ಒಡೆಯುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಆಗುವ ಕೆಲಸಕ್ಕೆ ಅದು ಯಾಕೆ?

ಇಂಥ ದ್ರವವನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಎಂದೂ ತುಂಬಿಡಬೇಡಿ. ಮಗು ನೀರೆಂದು ಕುಡಿಯಬಹುದು. ಅಕಸ್ಮಾತ್ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದರೆ ಇನ್ನೂ ಅಪಾಯ. ತಕ್ಷಣ 108ಕ್ಕೆ ಫೋನ್ ಮಾಡಿ. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ಬಾಟಲಿಯನ್ನೂ ಜೊತೆಗೆ ಒಯ್ಯಿರಿ.

ಮೈಗೆ ಡಾಂಬರು ತಾಗಿದರೆ

ತಣ್ಣನೆಯ ಡಾಂಬರು ಕೈಗೆ ಅಂಟಿದರೆ ಕೊಬ್ಬರಿ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಬಟ್ಟೆಯಿಂದ ಒರೆಸಿ, ಸೋಪು ಹಾಕಿ ತೊಳೆಯಿರಿ.

ರಸ್ತೆ ಕೆಲಸಕ್ಕೆ ಹೋಗುವ ಅಕ್ಕಂದಿರು ಇದನ್ನು ಚೆನ್ನಾಗಿ ನೆನಪಿಡಿ. ಬಿಸಿ ಡಾಂಬರು ಮೈಗೆ ಬಿದ್ದರೆ ಕೀಳಬೇಡಿ. ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಕೂಡಲೇ ತಣ್ಣೀರು ಹರಿಸಿ. ಕನಿಷ್ಠ 20 ನಿಮಿಷ ಬಿಡದೆ ಹರಿಸಿ. ಕೈಗೆ ಬಿದ್ದಿದ್ದರೆ, ಡಾಂಬರಿಗೆ ಅಂಟದ ಬಳೆ, ಉಂಗುರ ತೆಗೆಯಿರಿ. ಐಸು, ಹಲ್ಲುಜ್ಜುವ ಪೇಸ್ಟು, ಅರಿಶಿನ ಏನೂ ಹಚ್ಚಬೇಡಿ. ಆಸ್ಪತ್ರೆಗೆ ಹೋಗಿ. ಅಂಟಿದ ಡಾಂಬರನ್ನು ಡಾಕ್ಟರೇ ತೆಗೆಯಲಿ.

ಕೆಲಸ ಮುಗಿದ ಮೇಲೆ

ಎಣ್ಣೆ ಹತ್ತಿದ ಬಟ್ಟೆಯನ್ನು ಒಲೆಯ ಹತ್ತಿರ ಇಡಬೇಡಿ. ಸುಡಬೇಡಿ. ಬಯಲಿನಲ್ಲಿ ಹರಡಿ ಒಣಗಿಸಿ, ಕಸದವರಿಗೆ ಬೇರೆಯಾಗಿ ಕೊಡಿ. ಉಳಿದ ದ್ರವವನ್ನು ಬಾವಿಯ ಹತ್ತಿರವಾಗಲಿ ಚರಂಡಿಗಾಗಲಿ ಸುರಿಯಬೇಡಿ.

ಅಭ್ಯಾಸ

ಓದಿ ಹೇಳಿ:
1. ಡಾಂಬರು ನೀರಿಗೆ ಯಾಕೆ ಹೋಗುವುದಿಲ್ಲ?
2. ಎಣ್ಣೆ ಹಚ್ಚುವ ಮುಂಚೆ ಗಾಡಿ ತೊಳೆಯುವುದು ಯಾಕೆ?
3. ಪೆಟ್ರೋಲಿನ ಆವಿ ಎಲ್ಲಿ ಹರಿಯುತ್ತದೆ?

ಬಿಟ್ಟ ಜಾಗ ತುಂಬಿ:
1. ಗಾಡಿಯನ್ನು ________ನಲ್ಲಿ ನಿಲ್ಲಿಸಬೇಕು.
2. ಬಿಸಿ ಡಾಂಬರು ಬಿದ್ದರೆ ______ ನಿಮಿಷ ತಣ್ಣೀರು ಹರಿಸಬೇಕು.
3. ಆಂಬುಲೆನ್ಸಿಗೆ ಫೋನ್ ಮಾಡುವ ನಂಬರು ______.

ಮಾತಾಡಿಕೊಳ್ಳಿ:
ನೀವು ಕೆಲಸ ಮಾಡುವ ಕಡೆ ಕೈಗವಸು ಕೊಡುತ್ತಾರೆಯೇ? ಕೊಡದಿದ್ದರೆ ಹೇಗೆ ಕೇಳುತ್ತೀರಿ?

ಮಾಡಿ ನೋಡಿ:
ಮನೆಯಲ್ಲಿ ಸೀಮೆಎಣ್ಣೆ, ಫಿನೈಲು, ಆಸಿಡ್ಡು ಎಲ್ಲೆಲ್ಲಿ ಇವೆ, ನೋಡಿ. ಒಂದೊಂದಕ್ಕೂ ಒಂದು ಚೀಟಿ ಮಾಡಿ. ದೊಡ್ಡ ಅಕ್ಷರದಲ್ಲಿ ಅದರ ಹೆಸರು ಬರೆಯಿರಿ. ಕೆಳಗೆ "ಕುಡಿಯಬಾರದು. ಬೆಂಕಿಯಿಂದ ದೂರ ಇಡಿ" ಎಂದು ಬರೆಯಿರಿ. ನೀವೇ ಬರೆದು, ನಿಮ್ಮ ಕೈಯಿಂದಲೇ ಅಂಟಿಸಿ. ಬಾಟಲಿಗಳನ್ನು ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿಡಿ. ಅಕ್ಷರ ಬಾರದ ನೆರೆಮನೆಯವರಿಗೂ ಓದಿ ಹೇಳಿ.