ಸೀಸದ ಗುಂಡಿನ ಗಡಸುತನ: ತೋಟಗಾರರು ತಿಳಿದಿರಬೇಕಾದ ಸಂಗತಿ

ಗುಬ್ಬಿ, ಕುಣಿಗಲ್ ಕಡೆಯ ಬೆಳೆಗಾರರು ತುಮಕೂರಿನಲ್ಲಿ ಕಲೆತಾಗ ಕಾಡುಪ್ರಾಣಿಗಳ ಕಾಟದ ಮಾತು ಬಂದೇ ಬರುತ್ತದೆ. ಸುಳಿ ಹೋದ ಅಡಿಕೆ ಸಸಿ ಮತ್ತೆ ಚಿಗುರುವುದಿಲ್ಲ. ಫಸಲಿಗೆ ಐದಾರು ವರ್ಷ ಕಾಯಬೇಕಾದ ಬೆಳೆಯಲ್ಲಿ ಇದು ಸಣ್ಣ ನಷ್ಟವಲ್ಲ. ಇಂಥ ಮಾತಿನ ನಡುವೆ, "ಅಮೆರಿಕದಲ್ಲಿ ಜಿಂಕೆ ಹೊಡೆಯುವವರು ಸೀಸ ಕರಗಿಸಿ ರಿವಾಲ್ವರಿಗೆ ತಾವೇ ಗುಂಡು ಎರಕ ಹೊಯ್ದುಕೊಳ್ಳುತ್ತಾರಂತೆ, ಎಂಥ ಸೀಸ ಒಳ್ಳೆಯದು?" ಎಂಬ ಪ್ರಶ್ನೆಯೂ ಕೇಳಿಬರುತ್ತದೆ. ಪ್ರಶ್ನೆಯನ್ನು ತಳ್ಳಿಹಾಕುವುದಕ್ಕಿಂತ ಅದರ ಒಳಹೊರಗನ್ನು ತಿಳಿಸುವುದೇ ಮೇಲೆಂದು ನಾವು ಭಾವಿಸಿದ್ದೇವೆ.

ಗಡಸುತನದ ಅಳತೆ

ಎಳೆ ಅಡಿಕೆಗೆ ಉಗುರು ಒತ್ತಿದರೆ ಗುರುತು ಬೀಳುತ್ತದೆ, ಒಣಗಿದ ಗೋಟಿಗೆ ಬೀಳದು. ಲೋಹದ ಗಡಸುತನವನ್ನು ಅಳೆಯುವುದೂ ಹೀಗೆಯೇ. ಸ್ವೀಡನ್ನಿನ ಬ್ರಿನೆಲ್ ಎಂಬ ಎಂಜಿನಿಯರು 1900ರಲ್ಲಿ ತೋರಿಸಿಕೊಟ್ಟ ಕ್ರಮದಂತೆ, ಉಕ್ಕಿನ ಗುಂಡನ್ನು ಲೋಹದ ಮೇಲೆ ಒತ್ತಿ, ಬಿದ್ದ ಕುಳಿಯನ್ನು ಅಳೆಯುತ್ತಾರೆ. ಶುದ್ಧ ಸೀಸದ ಬ್ರಿನೆಲ್ ಅಂಕ ಸುಮಾರು 5. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ ಸೇರಿದರೆ ಸುಮಾರು 10. ಹಿಂದೆ ಮುದ್ರಣಾಲಯಗಳಲ್ಲಿ ಬಳಸುತ್ತಿದ್ದ, ಆಂಟಿಮನಿ ಮತ್ತು ತವರ ಬೆರೆತ ಲೈನೋಟೈಪ್ ಸೀಸದ್ದು ಸುಮಾರು 22.

ಮೆತ್ತಗಿದ್ದರೂ ತೊಡಕು, ಗಡಸಾದರೂ ತೊಡಕು

ಗುಂಡು ತೀರ ಮೆತ್ತಗಿದ್ದು ವೇಗ ಹೆಚ್ಚಾದರೆ ಸೀಸ ಸವೆದು ನಳಿಗೆಯೊಳಗೆ ಮೆತ್ತಿಕೊಳ್ಳುತ್ತದೆ. ತೀರ ಗಡಸಾಗಿದ್ದು ಮದ್ದಿನ ಒತ್ತಡ ಕಡಿಮೆಯಿದ್ದರೆ ಗುಂಡು ನಳಿಗೆಗೆ ಬಿಗಿಯಾಗಿ ಕೂರದು. ಬಿಸಿ ಅನಿಲ ಪಕ್ಕದಿಂದ ನುಗ್ಗಿ ಆಗಲೂ ಸೀಸ ಮೆತ್ತುತ್ತದೆ. ಪ್ರಾಣಿಗೆ ತಾಗಿದಾಗ ಮೆತ್ತನೆಯದು ಅಗಲವಾಗುತ್ತದೆ. ಗಡಸಾದದ್ದು ಅಗಲವಾಗದೆ ಆಚೆಗೆ ಹಾದುಹೋಗುತ್ತದೆ. ಆದ್ದರಿಂದಲೇ ಆ ದೇಶದಲ್ಲಿ ಕೈಬಂದೂಕಿನಿಂದ ಜಿಂಕೆ ಹೊಡೆಯುವವರು ನಡುವಣ ಗಡಸನ್ನು ಹುಡುಕುತ್ತಾರೆ. ಕಲ್ಲಿಗೆ ತಾಗಿದ ಗುಂಡು ಎತ್ತ ಸಿಡಿಯುವುದೋ ಹೇಳಲಾಗದು. ಗುರಿ ತಪ್ಪಿದ್ದು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ನಮ್ಮ ತೋಟಗಳಲ್ಲಿ ಪಕ್ಕದ ಸಾಲಿನಲ್ಲೇ ನೀರು ಕಟ್ಟುವವರಿರುತ್ತಾರೆ, ಮರದ ಮೇಲೆ ಕೊನೆ ಕೊಯ್ಯುವವರಿರುತ್ತಾರೆ.

ನಮ್ಮ ನೆಲದ ಕಾನೂನು

ಆ ಹುಡುಕಾಟ ಅಲ್ಲಿನದು. ನಮಗೆ ಅದು ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಜಿಂಕೆ ಬೇಟೆ ಅಪರಾಧ. ಮಧುಗಿರಿ ತಾಲೂಕಿನ ಮೈದನಹಳ್ಳಿಯಲ್ಲಿ ಕಾಣಸಿಗುವ ಕೃಷ್ಣಮೃಗ ಮೊದಲ ಅನುಸೂಚಿಗೆ ಸೇರಿದೆ. ಅದನ್ನು ಕೊಂದವರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಸೆರೆಯುಂಟು. 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿ ಇಲ್ಲದೆ ತೋಟಾ ತಯಾರಿಸುವುದೂ ಅಪರಾಧವೇ. ರಿವಾಲ್ವರಿನ ಲೈಸೆನ್ಸ್ ಇದ್ದ ಮಾತ್ರಕ್ಕೆ ಆ ಹಕ್ಕು ಬರುವುದಿಲ್ಲ. ಬೆಳೆ ರಕ್ಷಣೆಗೆಂದು ಆ ಕಾಯ್ದೆ ಮೊದಲು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನೇ ಹೊರತು ರಿವಾಲ್ವರನ್ನಲ್ಲ. ಕೊಡಗಿನ ಕಾಫಿ ಬೆಳೆಗಾರರಲ್ಲಿ ಕೆಲವರಿಗೆ ಲೈಸೆನ್ಸಿನ ವಿನಾಯಿತಿ ಇದೆಯಲ್ಲ ಎಂದು ಕೇಳಬಹುದು. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಇರುವ ವಿನಾಯಿತಿ, ಬೇಟೆಗಲ್ಲ.

ಸೀಸದ ವಿಷ

ಇನ್ನೊಂದು ಮಾತು. ಹಳೆಯ ಬ್ಯಾಟರಿಯ ಸೀಸವನ್ನು ಹಿತ್ತಲಿನ ಒಲೆಯಲ್ಲಿ ಕರಗಿಸುವವರು ಈಗಲೂ ಉಂಟು. ಸೀಸ 327 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಅದರ ಹೊಗೆ ಮತ್ತು ಧೂಳು ದೇಹ ಸೇರಿ ಮಕ್ಕಳ ಬುದ್ಧಿಯ ಬೆಳವಣಿಗೆಯನ್ನೇ ಕುಂದಿಸುತ್ತದೆ. ಗುಂಡಿನಿಂದ ಸಿಡಿದ ಸೀಸದ ಚೂರುಗಳು ಮಾಂಸದಲ್ಲೂ ಉಳಿಯುತ್ತವೆ. ಅಂಥ ಕಳೇಬರ ತಿಂದು ಕಾಂಡೋರ್ ಎಂಬ ದೊಡ್ಡ ಹದ್ದುಗಳು ಸತ್ತದ್ದರಿಂದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವೇ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ತಿ ನಿಷೇಧಿಸಿದೆ. ಮೆತ್ತಗೋ ಗಡಸೋ ಎಂಬ ಪ್ರಶ್ನೆಯೇ ಅಲ್ಲಿಯ ಬೇಟೆಗಾರರಿಗೆ ಈಗ ಉಳಿದಿಲ್ಲ.

ಹಾಗಾದರೆ ಮಾಡಬೇಕಾದ್ದೇನು?

1. ಎಳೆಯ ಸಸಿಗಳಿಗೆ ಒಂದೊಂದಕ್ಕೂ ಬಿದಿರಿನ ಅಥವಾ ಮುಳ್ಳಿನ ಕಟ್ಟು ಹಾಕಿರಿ. ಸುಳಿ ಪ್ರಾಣಿಯ ಬಾಯಿಗೆ ಎಟುಕದಷ್ಟು ಬೆಳೆದ ಮೇಲೆ ತೆಗೆದರಾಯಿತು.

2. ಜಿಂಕೆ ಚೆನ್ನಾಗಿ ನೆಗೆಯುತ್ತದೆ. ಬೇಲಿ ಆಳೆತ್ತರವನ್ನು ಮೀರಿರಲಿ, ಬುಡದಲ್ಲಿ ಸಂದು ಬಿಡಬಾರದು. ಅಕ್ಕಪಕ್ಕದ ನಾಲ್ಕಾರು ತೋಟದವರು ಕೂಡಿ ಹಾಕಿದರೆ ಖರ್ಚು ಹಂಚಿಹೋಗುತ್ತದೆ.

3. ಸೌರ ಬೇಲಿ ಹಾಕುವವರು ಅದಕ್ಕೆಂದೇ ಇರುವ ಯಂತ್ರವನ್ನೇ ಬಳಸಬೇಕು. ಮೋಟಾರಿನ ಲೈನಿನಿಂದ ತಂತಿಗೆ ನೇರ ಕರೆಂಟ್ ಕೊಡುವುದು ಮನುಷ್ಯಹತ್ಯೆಗೆ ದಾರಿ.

4. ಹಾನಿಯಾದ ಕೂಡಲೇ ಫೋಟೋ ತೆಗೆದು, ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿರಿ. ಯಾವ ಪ್ರಾಣಿಯ ಹಾನಿಗೆ ಎಷ್ಟು ಪರಿಹಾರವೆಂಬುದನ್ನು ಅಲ್ಲಿಯೇ ವಿಚಾರಿಸಬಹುದು.

5. ಕಾಟ ಮಿತಿಮೀರಿದಲ್ಲಿ, ಬೆಳೆಗೆ ಅಪಾಯವಾದ ಕೆಲವು ಪ್ರಾಣಿಗಳ ವಿಷಯದಲ್ಲಿ ಲಿಖಿತ ಅಪ್ಪಣೆ ನೀಡುವ ಅಧಿಕಾರವನ್ನು ಕಾಯ್ದೆಯ 11ನೆಯ ಕಲಮು ಅರಣ್ಯ ಅಧಿಕಾರಿಗಳಿಗೆ ಕೊಟ್ಟಿದೆ. ಅಪ್ಪಣೆ ಕೇಳುವುದು ನಮ್ಮ ಹಕ್ಕು. ಅಪ್ಪಣೆಯಿಲ್ಲದೆ ಗುಂಡು ಹಾರಿಸುವುದು ನಮ್ಮ ಹಕ್ಕಲ್ಲ.

ಹೋದ ಸಸಿಯ ಜಾಗದಲ್ಲಿ ಮುಂದಿನ ಮಳೆಗೆ ಇನ್ನೊಂದನ್ನು ನೆಡಬಹುದು. ಯಜಮಾನ ಸೆರೆಮನೆ ಸೇರಿದ ತೋಟವನ್ನು ನೋಡಿಕೊಳ್ಳುವವರು ಯಾರು? ಸದಸ್ಯ ಬಾಂಧವರು ಇದನ್ನು ಮನೆಯವರೊಡನೆಯೂ ಆಳುಕಾಳಿನೊಡನೆಯೂ ಚರ್ಚಿಸಬೇಕೆಂದು ನಮ್ಮ ವಿನಂತಿ.