ಕಾಂಗೋದಲ್ಲಿ ಮಡಿದ ಕ್ಯಾಪ್ಟನ್ ಸಲಾರಿಯಾ

ಪರಮವೀರ ಚಕ್ರ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಥಟ್ಟನೆ ನೆನಪಾಗುವುದು 1965ರ ಯುದ್ಧದ ಹವಾಲ್ದಾರ್ ಅಬ್ದುಲ್ ಹಮೀದ್. ಅದು ಸರಿಯೇ. ಆದರೆ ಅವರಿಗಿಂತ ನಾಲ್ಕು ವರ್ಷ ಮೊದಲು, ಭಾರತದ ಯಾವ ಗಡಿಯೂ ಇಲ್ಲದ ಆಫ್ರಿಕಾದ ಒಂದು ಊರಿನಲ್ಲಿ ಸತ್ತು ಅದೇ ಪದಕ ಪಡೆದ ಒಬ್ಬ ಯುವಕನಿದ್ದಾನೆ. ಹೆಸರು ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ. ಸಾಯುವಾಗ ವಯಸ್ಸು 26. ಹುಟ್ಟುಹಬ್ಬ ಮುಗಿದು ಒಂದು ವಾರವೂ ಆಗಿರಲಿಲ್ಲ.

ಸಲಾರಿಯಾ ಹುಟ್ಟಿದ್ದು 1935ರ ನವೆಂಬರ್ 29ರಂದು, ಶಕರ್‌ಗಢದ ಬಳಿಯ ಹಳ್ಳಿಯಲ್ಲಿ. ಅದು ಈಗ ಪಾಕಿಸ್ತಾನದಲ್ಲಿದೆ. ವಿಭಜನೆಯಾದಾಗ ಕುಟುಂಬ ಗುರುದಾಸ್‌ಪುರ ಜಿಲ್ಲೆಗೆ ಬಂದು ನೆಲೆಸಿತು. ನಮಗೆ ಹತ್ತಿರದ ವಿಷಯವೊಂದಿದೆ: 1946ರಲ್ಲಿ ಅವರು ಓದಲು ಸೇರಿದ್ದು ನಮ್ಮ ಬೆಂಗಳೂರಿನ ಕಿಂಗ್ ಜಾರ್ಜ್ ಮಿಲಿಟರಿ ಶಾಲೆಗೆ. ಮೊದಲ ಸಲ ಎದೆಯ ಅಳತೆ ಸಾಲದೆಂದು ಹುಡುಗನನ್ನು ವಾಪಸ್ ಕಳಿಸಿದ್ದರು. ವ್ಯಾಯಾಮ ಮಾಡಿ ಅಳತೆ ಹೆಚ್ಚಿಸಿಕೊಂಡು ಮತ್ತೆ ಬಂದ. ಮುಂದೆ ಜಲಂಧರ್, ನಂತರ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. 1957ರಲ್ಲಿ ಗೋರ್ಖಾ ರೈಫಲ್ಸ್‌ನಲ್ಲಿ ಅಧಿಕಾರಿ.

ಇನ್ನು ಕಾಂಗೋ. ಇದನ್ನು ವಾಣಿಜ್ಯ ವಿದ್ಯಾರ್ಥಿಗಳು ಬೇಗ ಅರ್ಥಮಾಡಿಕೊಳ್ಳುತ್ತಾರೆ ಎಂದು ನನ್ನ ನಂಬಿಕೆ. 1960ರ ಜೂನ್ 30ರಂದು ಕಾಂಗೋ ಬೆಲ್ಜಿಯಂನಿಂದ ಸ್ವತಂತ್ರವಾಯಿತು. ಎರಡು ವಾರವೂ ಕಳೆಯದೆ, ಜುಲೈ 11ರಂದು, ಅದರ ಕಟಾಂಗಾ ಪ್ರಾಂತ್ಯ ತಾನೇ ಬೇರೆ ದೇಶ ಎಂದು ಘೋಷಿಸಿಕೊಂಡಿತು. ನಾಯಕ ಮೊಯಿಸ್ ಶೋಂಬೆ. ಕಟಾಂಗಾದಲ್ಲಿ ಏನಿತ್ತು? ತಾಮ್ರ, ಕೋಬಾಲ್ಟ್, ಯುರೇನಿಯಂ. ಇಡೀ ದೇಶದ ಆದಾಯದ ದೊಡ್ಡ ಪಾಲು ಅಲ್ಲಿನ ಗಣಿಗಳಿಂದಲೇ ಬರುತ್ತಿತ್ತು. ಯೂನಿಯನ್ ಮಿನಿಯೆರ್ ಎಂಬ ಬೆಲ್ಜಿಯಂ ಗಣಿ ಕಂಪನಿ ತೆರಿಗೆಯನ್ನು ಕೇಂದ್ರ ಸರ್ಕಾರಕ್ಕೆ ಕೊಡದೆ ಶೋಂಬೆಗೆ ಕಟ್ಟಿತು. ಆ ಹಣದಲ್ಲಿ ಯುರೋಪಿನ ಬಾಡಿಗೆ ಸೈನಿಕರು ಬಂದರು. ನಮ್ಮ ಅಕೌಂಟ್ಸ್ ಭಾಷೆಯಲ್ಲಿ ಹೇಳಬೇಕಾದರೆ, ಲಾಭ ತರುವ ಪಾಲುದಾರನೊಬ್ಬ ಲೆಕ್ಕ ಇತ್ಯರ್ಥ ಮಾಡದೆ ಗಲ್ಲಾಪೆಟ್ಟಿಗೆ ಸಮೇತ ಹೊರಟುಹೋದ ಹಾಗೆ. ಹೊಸ ದೇಶ ಬದುಕುವುದು ಹೇಗೆ?

ವಿಶ್ವಸಂಸ್ಥೆ ಸೈನ್ಯ ಕಳಿಸಿತು. 1961ರ ಮಾರ್ಚ್‌ನಲ್ಲಿ ಭಾರತ ಸುಮಾರು 3,000 ಜನರ ಬ್ರಿಗೇಡನ್ನು ಕೊಟ್ಟಿತು. ಅದರಲ್ಲಿ ಸಲಾರಿಯಾ ಇದ್ದರು.

ಡಿಸೆಂಬರ್ 5ರಂದು ಎಲಿಜಬೆತ್‌ವಿಲ್ ನಗರದಲ್ಲಿ (ಇಂದಿನ ಲುಬುಂಬಾಶಿ) ವಿಶ್ವಸಂಸ್ಥೆಯ ಕೇಂದ್ರ ಕಚೇರಿ ಮತ್ತು ವಿಮಾನ ನಿಲ್ದಾಣದ ನಡುವಿನ ರಸ್ತೆಯನ್ನು ಕಟಾಂಗಾ ಪಡೆ ಬಂದ್ ಮಾಡಿತ್ತು. ಒಂದು ಕಡೆಯಿಂದ ಗೋರ್ಖಾ ಕಂಪನಿ ದಾಳಿ ಮಾಡಬೇಕು, ವಿಮಾನ ನಿಲ್ದಾಣದ ಕಡೆಯಿಂದ ಸಲಾರಿಯಾ ತಂಡ ಬಂದು ಶತ್ರು ತಪ್ಪಿಸಿಕೊಳ್ಳದಂತೆ ತಡೆಯಬೇಕು ಎಂಬುದು ಯೋಜನೆ. ಆದರೆ ತಡೆಯುವ ಜಾಗ ಮುಟ್ಟುವ ಮೊದಲೇ ಗುಂಡಿನ ಸುರಿಮಳೆ ಶುರುವಾಯಿತು. ಎದುರಿಗೆ ಸುಮಾರು 90 ಜನ, ಎರಡು ಶಸ್ತ್ರಸಜ್ಜಿತ ವಾಹನ. ಸಲಾರಿಯಾ ಬಳಿ 16 ಗೋರ್ಖಾಗಳು. ಅವರು ರಾಕೆಟ್ ಲಾಂಚರ್‌ನಿಂದ ಆ ವಾಹನಗಳನ್ನು ನಾಶ ಮಾಡಿಸಿ, ಬಯೊನೆಟ್, ಕುಕ್ರಿ, ಗ್ರೆನೇಡ್ ಹಿಡಿದು ನೇರ ನುಗ್ಗಿದರು. ಶತ್ರುಗಳಲ್ಲಿ ಸುಮಾರು 40 ಮಂದಿ ಸತ್ತರು, ಉಳಿದವರು ಓಡಿದರು. ಸಲಾರಿಯಾ ಕುತ್ತಿಗೆಗೆ ಗುಂಡು ತಗುಲಿತ್ತು. ರಕ್ತ ಹರಿಯುತ್ತಿದ್ದರೂ ಕುಸಿದು ಬೀಳುವವರೆಗೆ ಹೋರಾಡಿದರು. ಅವರ ಸಣ್ಣ ತಂಡದ ಈ ದಾಳಿಯಿಂದ ಕೇಂದ್ರ ಕಚೇರಿಯನ್ನು ಸುತ್ತುವರಿಯುವ ಶತ್ರುಗಳ ಯತ್ನ ವಿಫಲವಾಯಿತು.

ಇದನ್ನು ತರಗತಿಯ ಗೆಳತಿಗೆ ಹೇಳಿದಾಗ, "ಅದು ನಮ್ಮ ದೇಶದ ಜಗಳವೇ ಅಲ್ಲವಲ್ಲೇ, ಪರರಿಗಾಗಿ ಯಾಕೆ ಸಾಯಬೇಕಿತ್ತು?" ಎಂದಳು. ನ್ಯಾಯವಾದ ಪ್ರಶ್ನೆ. ಅವರ ಮನೆಯವರಿಗೂ ಇದು ಕಾಡಿರಬಹುದು. ನನಗನ್ನಿಸುವುದಿಷ್ಟು: ಗೆರೆ ಎಳೆದು ದೇಶ ಒಡೆದರೆ ಜನರ ಗತಿ ಏನಾಗುತ್ತದೆಂದು ಹನ್ನೊಂದನೇ ವಯಸ್ಸಿನಲ್ಲೇ ನೋಡಿದವರು ಸಲಾರಿಯಾ. ಅಲ್ಲಿಗೆ ಹೋದದ್ದು ಸೈನ್ಯದ ಆದೇಶದಿಂದ, ಅದು ನಿಜ. ಆದರೂ ಒಡೆಯುತ್ತಿದ್ದ ಇನ್ನೊಂದು ದೇಶದಲ್ಲಿ ಅವರು ನಿಂತದ್ದನ್ನು 'ಪರರ ಜಗಳ' ಎಂದು ಬದಿಗಿಡಲು ನನ್ನಿಂದಾಗದು. ಕಟಾಂಗಾ 1963ರ ಜನವರಿಯಲ್ಲಿ ಮತ್ತೆ ಕಾಂಗೋಗೆ ಸೇರಿತು. ಆಮೇಲೂ ಆ ದೇಶಕ್ಕೆ ನೆಮ್ಮದಿ ಸಿಗಲಿಲ್ಲ ಎಂಬುದನ್ನೂ ಹೇಳಲೇಬೇಕು.

ನಮ್ಮ ಮನೆಯಲ್ಲಿ ಇಂಥವರನ್ನು ಶಹೀದ್ ಎನ್ನುತ್ತಾರೆ, ಕನ್ನಡದಲ್ಲಿ ಹುತಾತ್ಮ. ಶಹೀದ್ ಎಂಬ ಅರಬ್ಬಿ ಪದಕ್ಕೆ 'ಸಾಕ್ಷಿ' ಎಂಬ ಅರ್ಥವೂ ಇದೆ.

ವಿಶ್ವಸಂಸ್ಥೆಯ ಶಾಂತಿಪಾಲನೆಯಲ್ಲಿ ಪರಮವೀರ ಚಕ್ರ ಪಡೆದವರು ಈವರೆಗೆ ಸಲಾರಿಯಾ ಒಬ್ಬರೇ. ಆದರೆ ಆ ಕೆಲಸದಲ್ಲಿ ಪ್ರಾಣ ಬಿಟ್ಟ ಭಾರತೀಯರು 170ಕ್ಕೂ ಹೆಚ್ಚು. ಅವರೆಲ್ಲರ ನೆನಪಿನ ದಿನ ಮೇ 29, ನಮಗೆ ಕಾಲೇಜು ರಜೆ ಇರುವ ಸಮಯ. ಭಾರತೀಯ ಹಡಗು ನಿಗಮದ ತೈಲ ಹಡಗೊಂದಕ್ಕೆ ಸಲಾರಿಯಾ ಹೆಸರಿತ್ತು. 2023ರ ಜನವರಿ 23ರಂದು ಅಂಡಮಾನ್ ನಿಕೋಬಾರ್‌ನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟರು. ಅದರಲ್ಲಿ ಒಂದು ಸಲಾರಿಯಾ ದ್ವೀಪ.